ಕೇಳಿದ್ದಕ್ಕೆ ಉತ್ತರ: ಹಳೇ ಟಿ.ವಿ.ಯ ಹಾಡು-ಹರಟೆ, ನಮ್ಮೂರಿನ ವೇದಿಕೆಯಲ್ಲಿ

ಗಣ್ಯರನ್ನು ಕರೆಸಿ ಮಾತಾಡಿಸುವುದು, ನಡುನಡುವೆ ವಾದ್ಯಗಾರರನ್ನು ಎದುರಿಗೇ ಕೂರಿಸಿ ಹಾಡಿಸುವುದು, ಒಂದಿಷ್ಟು ನಗೆ, ಒಂದಿಷ್ಟು ಕುಣಿತ. ಟಿ.ವಿ.ಯ ಮೊದಲ ದಶಕಗಳ ಈ ಬಗೆಯ ಕಾರ್ಯಕ್ರಮಗಳ ಬಗ್ಗೆ ಓದುಗರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕೆಲವರು ಅಂಥದೊಂದು ಸಂಜೆಯನ್ನು ತಮ್ಮೂರಲ್ಲಿ ಏರ್ಪಡಿಸುವವರು, ಕೆಲವರ ಕಪಾಟಿನಲ್ಲಿ ಅಂಥ ಕಾರ್ಯಕ್ರಮ ತುಂಬಿಸಿಟ್ಟ ಕ್ಯಾಸೆಟ್‌ಗಳಿವೆ.

ಪ್ರಶ್ನೆ: ಅಮೆರಿಕದ ಎಡ್ ಸಲ್ಲಿವನ್ ಶೋ ನೇರ ಪ್ರಸಾರವಾಗುತ್ತಿತ್ತು ಎನ್ನುತ್ತಾರೆ. ಹಾಗಿದ್ದರೆ ಇವತ್ತು ನೋಡಲು ಸಿಗುವ ತುಣುಕುಗಳು ಉಳಿದದ್ದು ಹೇಗೆ? ನಮ್ಮಲ್ಲಿ ಅಂಥದ್ದು ಇತ್ತೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಕಾರ್ಯಕ್ರಮ ಸಿಬಿಎಸ್ ವಾಹಿನಿಯಲ್ಲಿ 1948ರ ಜೂನ್ 20ರಂದು ಬೇರೆ ಹೆಸರಲ್ಲಿ ಶುರುವಾಯಿತು. 1955ರಲ್ಲಿ ನಿರೂಪಕರ ಹೆಸರನ್ನೇ ಹೊತ್ತು 1971ರವರೆಗೆ ನಡೆಯಿತು. ಭಾನುವಾರ ರಾತ್ರಿ ಒಂದು ತಾಸು, ನ್ಯೂಯಾರ್ಕಿನ ಒಂದು ರಂಗಮಂದಿರದಿಂದ, ಎದುರಿಗೆ ಪ್ರೇಕ್ಷಕರು, ಪಕ್ಕಕ್ಕೆ ಪೂರ್ತಿ ವಾದ್ಯವೃಂದ. 1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಹಾಡಿದಾಗ ನೋಡಿದವರು ಸುಮಾರು 7 ಕೋಟಿ 30 ಲಕ್ಷ.

ವಿಡಿಯೋ ಟೇಪ್ ಬರುವ ಮುಂಚೆ ನೇರ ಪ್ರಸಾರವನ್ನು ಉಳಿಸಲು ಇದ್ದದ್ದು ಒಂದೇ ದಾರಿ. ಸ್ಟುಡಿಯೋದ ಒಳಗೊಂದು ಟಿ.ವಿ. ಪರದೆ, ಅದರ ಮುಂದೆ ಫಿಲ್ಮ್ ಕ್ಯಾಮೆರಾ. ಪರದೆಯ ಮೇಲೆ ಓಡುವ ಚಿತ್ರವನ್ನೇ 16 ಅಥವಾ 35 ಮಿ.ಮೀ. ಫಿಲ್ಮಿಗೆ ಇಳಿಸುತ್ತಿದ್ದರು. ಇದೇ ಕಿನೆಸ್ಕೋಪ್. ಆ ಕಾಲದ ತುಣುಕುಗಳು ಮಸುಕಾಗಿ, ಬಿಳಿಯ ಭಾಗ ಅರಳಿಕೊಂಡಂತೆ ಕಾಣುವುದಕ್ಕೆ ಇದೂ ಕಾರಣ. 1956ರಲ್ಲಿ ಆಂಪೆಕ್ಸ್ ಕಂಪನಿಯ ಎರಡು ಇಂಚು ಅಗಲದ ಟೇಪ್ ಯಂತ್ರ ಬಂತು. ಆದರೆ ಟೇಪ್ ದುಬಾರಿ. ಅಳಿಸಿ ಮತ್ತೆ ಬಳಸುವ ರೂಢಿಯಿಂದ ಜಗತ್ತಿನಾದ್ಯಂತ ಎಷ್ಟೋ ಕಾರ್ಯಕ್ರಮ ಹೋಗಿಬಿಟ್ಟವು.

ನಮ್ಮಲ್ಲಿ ಮುಂಬೈ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಅದೇ ವರ್ಷ ನಟಿ ತಬಸ್ಸುಮ್ ಅವರ ‘ಫೂಲ್ ಖಿಲೇ ಹೈ ಗುಲ್ಶನ್ ಗುಲ್ಶನ್’ ಬಂದು, 1993ರವರೆಗೆ ಸಿನಿಮಾ ಮಂದಿಯನ್ನು ಮಾತಾಡಿಸಿತು. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಧಾರವಾಡದ ಕಡೆಯವರಿಗೆ ಅದಕ್ಕೂ ಮೊದಲು ನೇರ ಸಂಗೀತ ಮನೆಗೆ ತಂದದ್ದು ರೇಡಿಯೋ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಕೆಂಪು ದೀಪ ಹತ್ತಿದ ಕೂಡಲೇ ಹಾಡಬೇಕು, ನಿಮಿಷಕ್ಕೆ ಸರಿಯಾಗಿ ಮುಗಿಸಬೇಕು ಎಂಬ ರೇಡಿಯೋ ಸ್ಟುಡಿಯೋದ ಶಿಸ್ತೇ ಹಳೇ ಟಿ.ವಿ. ಕಾರ್ಯಕ್ರಮದ ಶಿಸ್ತೂ ಹೌದು. ಮುಂದಿನ ಉತ್ತರಗಳಲ್ಲಿ ಹೇಳುವುದೆಲ್ಲ ಆ ಶಿಸ್ತಿನ ಮಾತೇ.

ಪ್ರಶ್ನೆ: ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳ ಸಂಘದಿಂದ ಅಂಥ ಕಾರ್ಯಕ್ರಮ ಮಾಡುವವರಿದ್ದೇವೆ. ಹೋದ ಸಲ ಒಂದೂವರೆ ತಾಸು ಅಂತ ಹೇಳಿದ್ದು ಮೂರು ತಾಸಾಯಿತು. ಪ್ರತಿ ಹಾಡಿಗೂ ಮೈಕ್ ಜೋಡಿಸುತ್ತಿದ್ದರೆ ಜನ ಎದ್ದು ಹೋದರು. ಎಲ್ಲಿ ಸರಿಪಡಿಸಬೇಕು?
– ಸಪ್ತಾಪುರ, ಧಾರವಾಡ

ಉತ್ತರ: ಎರಡು ಕಡೆ: ಕಾಗದದ ಮೇಲಿನ ಲೆಕ್ಕ, ವೇದಿಕೆಯ ಹಂಚಿಕೆ.

ಮೊದಲು ಲೆಕ್ಕ. 90 ನಿಮಿಷಕ್ಕೆ 13 ಕಲಾಪ ಸಾಕು. ಐದೈದು ನಿಮಿಷದ ಆರು ಹಾಡಿಗೆ 30, ಏಳೇಳು ನಿಮಿಷದ ಮೂರು ಸಂದರ್ಶನಕ್ಕೆ 21, ಆರಾರು ನಿಮಿಷದ ಎರಡು ನಗೆ ಪ್ರಸಂಗಕ್ಕೆ 12, ಐದೈದು ನಿಮಿಷದ ಎರಡು ನೃತ್ಯಕ್ಕೆ 10. ಅಲ್ಲಿಗೆ 73. ಕಲಾಪಗಳ ನಡುವಿನ 12 ಸಂದುಗಳಲ್ಲಿ ನಿರೂಪಕರಿಗೆ ಒಂದೊಂದು ನಿಮಿಷ ಕೊಟ್ಟರೆ 85. ಉಳಿದ ಐದು ನಿಮಿಷ ಚಪ್ಪಾಳೆಗೆ, ತಡವರಿಕೆಗೆ. ಸನ್ಮಾನ, ಶಾಲು, ಹಾರ, ವಂದನಾರ್ಪಣೆ ಈ ಲೆಕ್ಕದಲ್ಲಿಲ್ಲ ಎಂಬುದನ್ನು ಗಮನಿಸಿ. ಅವನ್ನು ಒಳಗೆ ತುರುಕಿದ ಕಡೆಯೇ ಒಂದೂವರೆ ತಾಸು ಮೂರಾಗುವುದು. ಸನ್ಮಾನ ಮಾಡಲೇಬೇಕೆಂದರೆ ಕಾರ್ಯಕ್ರಮ ಶುರುವಾಗುವ ಮುಂಚೆ ಬೇರೆಯಾಗಿ ಮುಗಿಸಿ.

ಈ ಲೆಕ್ಕವನ್ನು ಒಂದು ಹಾಳೆಗೆ ಇಳಿಸಿ. ಪ್ರತಿ ಕಲಾಪದ ಎದುರು ಶುರುವಾಗುವ ಗಡಿಯಾರದ ಹೊತ್ತು, ಅವಧಿ, ವೇದಿಕೆಯ ಯಾವ ಭಾಗ, ಎಷ್ಟನೇ ಮೈಕ್, ಹಾಡಾದರೆ ಯಾವ ಪಟ್ಟಿ (ಅಂದರೆ ಹಾಡುವ ಶ್ರುತಿ), ಕಲಾವಿದರು ಯಾವ ಬದಿಯಿಂದ ಬರುತ್ತಾರೆ, ಇಷ್ಟೂ ಇರಲಿ. ಧ್ವನಿ, ಬೆಳಕು, ಪರದೆ, ನಿರೂಪಕರು, ವಾದ್ಯಗಾರರು, ಎಲ್ಲರ ಕೈಯಲ್ಲೂ ಇದೇ ಹಾಳೆ. ಬದಲಾವಣೆ ಆದರೆ ಹಳೇ ಹಾಳೆ ವಾಪಸು ಪಡೆದು ಬೇರೆ ಬಣ್ಣದ ಕಾಗದದಲ್ಲಿ ಹೊಸದು ಕೊಡಿ. ಇಬ್ಬರ ಕೈಯಲ್ಲಿ ಎರಡು ಬೇರೆ ಹಾಳೆ ಇದ್ದರೆ, ಗಾಯಕಿ ಬಂದು ನಿಂತಾಗ ಮೈಕ್ ಬಂದ್ ಇರುತ್ತದೆ.

ಇನ್ನು ವೇದಿಕೆ. ವಾದ್ಯವೃಂದ ಒಂದು ಬದಿಗೆ ಏಳೆಂಟು ಇಂಚು ಎತ್ತರದ ಹಲಗೆಯ ಮೇಲೆ ಕೂತರೆ, ಕೊನೆಯವರೆಗೂ ಏಳಬಾರದು. ಅವರ ಮೈಕ್‌ಗಳೂ ಅಲುಗಬಾರದು. ಇನ್ನೊಂದು ಬದಿಗೆ ಸಂದರ್ಶನದ ಎರಡು ಕುರ್ಚಿ. ನಡುವೆ ಖಾಲಿ ಜಾಗ, ಹಾಡುವವರಿಗೂ ಕುಣಿಯುವವರಿಗೂ. ದೀಪ ಮಾತ್ರ ಅಲ್ಲಿಂದಿಲ್ಲಿಗೆ ಹೋಗುತ್ತದೆ, ಸಾಮಾನು ಹೋಗುವುದಿಲ್ಲ.

ನೃತ್ಯಕ್ಕೆ ಜಾಗ ಮಾಡಬೇಕಾದಲ್ಲಿ ನಮ್ಮ ಕಂಪನಿ ನಾಟಕದವರ ರಸ್ತಾ ಪರದೆ ಬಳಸಿ. ಹಿಂದೆ ದರ್ಬಾರ್ ಸೀನು ಕಟ್ಟುವಾಗ ಮುಂದೆ ಪರದೆ ಇಳಿಸಿ ಹಾಸ್ಯದವರನ್ನು ಬಿಡುತ್ತಿದ್ದರಲ್ಲ, ಸಲ್ಲಿವನ್ ಶೋದಲ್ಲಿ ಹಾಸ್ಯಗಾರರು ಪರದೆಯ ಮುಂದೆ ಬಂದು ನಿಲ್ಲುತ್ತಿದ್ದದ್ದೂ ಅದೇ ಯುಕ್ತಿ. ವೇದಿಕೆಯ ಅಂಚಿನಿಂದ ಪರದೆಗೆ ಐದಾರು ಅಡಿ ಬಿಟ್ಟರೆ ಒಬ್ಬರೋ ಇಬ್ಬರೋ ನಿಂತು ಆರು ನಿಮಿಷ ನಗಿಸಲು ಧಾರಾಳ. ಹಿಂದಿನ ಕೆಲಸದವರು ರಬ್ಬರ್ ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ಓಡಾಡಲಿ. ಹಲಗೆಯ ಸದ್ದು ಮುಂದಿನ ಮೈಕಿಗೆ ಹತ್ತುತ್ತದೆ.

ಪೂರ್ತಿ ತಾಲೀಮು ಒಂದಾದರೂ ಬೇಕು, ಅದೂ ಪ್ರೇಕ್ಷಕರ ಎದುರು. ಸಲ್ಲಿವನ್ ತಂಡ ಭಾನುವಾರ ಮಧ್ಯಾಹ್ನವೇ ಜನರನ್ನು ಕೂರಿಸಿ ಇಡೀ ಕಾರ್ಯಕ್ರಮ ನಡೆಸುತ್ತಿತ್ತು. ಅದನ್ನು ನೋಡಿದ ಮೇಲೆ ಅನುಕ್ರಮ ಬದಲಾಗುತ್ತಿತ್ತು, ಕಲಾಪಗಳಿಗೆ ಕತ್ತರಿ ಬೀಳುತ್ತಿತ್ತು. ನೀವೂ ಸಂಘದ ಇಪ್ಪತ್ತು ಮಂದಿಯನ್ನು ಕೂರಿಸಿ, ಕೈಯಲ್ಲಿ ಗಡಿಯಾರ ಹಿಡಿದು ನಡೆಸಿ. ನಗು ಬರುವ ಕಡೆ ಎಷ್ಟು ಸೆಕೆಂಡು ಹೋಗುತ್ತದೆ ಎಂಬುದು ಖಾಲಿ ಸಭಾಂಗಣದಲ್ಲಿ ತಿಳಿಯುವುದಿಲ್ಲ.

ಪ್ರಶ್ನೆ: ಕರೋಕೆ ಟ್ರ್ಯಾಕ್ ಹಾಕಿದರೆ ಖರ್ಚು ಉಳಿಯುತ್ತದೆ ಅಂತ ನಮ್ಮ ಸಮಿತಿಯವರು. ನೇರವಾಗಿ ನುಡಿಸಲು ಕಡಿಮೆ ಎಂದರೆ ಎಷ್ಟು ಮಂದಿ ಬೇಕು? ಮೈಕ್ ಕೂಗುವುದನ್ನು ತಡೆಯುವುದು ಹೇಗೆ?
– ಗದಗ

ಉತ್ತರ: ಟ್ರ್ಯಾಕ್ ಬೇಡ. ಗಾಯಕರು ಒಂದು ಸಾಲು ಮರೆತರೆ ಟ್ರ್ಯಾಕ್ ಕಾಯುವುದಿಲ್ಲ, ತಬಲಾದವರು ಕಾಯುತ್ತಾರೆ. ಅತಿಥಿ ಇದ್ದಕ್ಕಿದ್ದಂತೆ ‘ನಾನೂ ಒಂದು ಚರಣ ಹಾಡ್ತೀನಿ’ ಎಂದರೆ, ಅವರ ದನಿಗೆ ಹೊಂದುವ ಪಟ್ಟಿಯಲ್ಲಿ ಆ ಕ್ಷಣವೇ ನುಡಿಸುವವರು ಬೇಕು. ಈ ಬಗೆಯ ಕಾರ್ಯಕ್ರಮದ ಜೀವವೇ ಅಲ್ಲಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ವಾದ್ಯಗಾರರು ಊರಲ್ಲೇ ಇರುವಾಗ ಗದಗದವರು ಟ್ರ್ಯಾಕ್ ಹಾಕುವುದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಕೊಳಲು ಅಥವಾ ಪಿಟೀಲು, ತಾಳದ ಸಣ್ಣ ವಾದ್ಯಗಳಿಗೆ ಒಬ್ಬರು, ಹೀಗೆ ಐದು ಮಂದಿ ಸಾಕು.

ಎಡವುವುದು ಹೆಚ್ಚಾಗಿ ಶ್ರುತಿಯಲ್ಲಿ. ಹಳೇ ಹಾರ್ಮೋನಿಯಂನ ರೀಡುಗಳು (ಸ್ವರ ಹೊರಡಿಸುವ ಲೋಹದ ನಾಲಿಗೆಗಳು) ಕೀಬೋರ್ಡಿನ 440 ಹರ್ಟ್ಜ್ ಅಳತೆಗೆ ಸರಿಯಾಗಿ ಕೂರುವುದು ಅಪರೂಪ. ಎರಡನ್ನೂ ಒಂದೇ ಸ್ವರದಲ್ಲಿ ಹಿಡಿದು ಕೇಳಿ. ‘ವೌಂ ವೌಂ’ ಎಂದು ದನಿ ಅಲೆಯಾಡಿದರೆ ಶ್ರುತಿ ಬೇರೆ ಇದೆ ಎಂದರ್ಥ. ರೀಡು ಕೆರೆಯಲು ಹೋಗಬೇಡಿ. ಕೀಬೋರ್ಡಿನ ಟ್ಯೂನಿಂಗ್ ಆಯ್ಕೆಗೆ ಹೋಗಿ, ಅಲೆ ನಿಲ್ಲುವ ತನಕ ಸ್ವಲ್ಪ ಸ್ವಲ್ಪ ಸರಿಸಿ. ಆ ಸಂಜೆಗೆ ಹಾರ್ಮೋನಿಯಮ್ಮೇ ಯಜಮಾನ.

ಹಾಡಿನಿಂದ ಹಾಡಿಗೆ ಪಟ್ಟಿ ಬದಲಾಗುವಾಗ ತಬಲಾದವರಿಗೆ ಸುತ್ತಿಗೆ ಹಿಡಿದು ಕೂರಲು ಹೊತ್ತಿರುವುದಿಲ್ಲ. ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರ) ಏರಿಸಿದ ದಾಯಾವನ್ನು, ಅಂದರೆ ತಬಲಾದ ಬಲಗೈ ವಾದ್ಯವನ್ನು, ಕರಿ ನಾಲ್ಕಕ್ಕೆ ಎಳೆಯುವುದು ಆಗದ ಮಾತು, ಅರ್ಧ ಸ್ವರ ಆಚೀಚೆ ಮಾತ್ರ ಸುರಕ್ಷಿತ. ಎರಡೋ ಮೂರೋ ದಾಯಾ ಬೇರೆಬೇರೆ ಪಟ್ಟಿಗೆ ಮೊದಲೇ ಕೂಡಿಸಿ ಸಾಲಾಗಿ ಇಟ್ಟುಕೊಳ್ಳಲಿ. ಅಗಲ ಬಾಯಿಯದು ಕೆಳಗಿನ ಸ್ವರಕ್ಕೆ, ಸಣ್ಣ ಬಾಯಿಯದು ಮೇಲಿನದಕ್ಕೆ. ಒಂದೇ ಪಟ್ಟಿಯ ಹಾಡುಗಳು ಒತ್ತಿಗೆ ಬರುವಂತೆ ಅನುಕ್ರಮ ಮಾಡಿದರೆ ಕೆಲಸ ಅರ್ಧ ಕಡಿಮೆ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ವೇದಿಕೆಯ ದೀಪದ ಕಾವಿಗೆ ಒಣಗಿ ಏರುತ್ತದೆ. ಹಾಗಾಗಿ ಗ್ರೀನ್ ರೂಮಿನಲ್ಲಿ ಕೂಡಿಸಿದ್ದು ವೇದಿಕೆಗೆ ಬಂದ ಮೇಲೆ ನಿಲ್ಲುವುದಿಲ್ಲ. ದೀಪ ಹಚ್ಚಿ, ವಾದ್ಯಗಳನ್ನು ಅರ್ಧ ತಾಸು ಅಲ್ಲೇ ಇಟ್ಟು, ಆಮೇಲೆ ಶ್ರುತಿ ಮಾಡಿ. ಕೊಳಲೂ ಉಸಿರಿಗೆ ಬೆಚ್ಚಗಾದಂತೆ ತುಸು ಏರುತ್ತದೆ, ಊದಿ ಕಾಯಿಸಿಯೇ ಹೋಲಿಸಬೇಕು.

ಮೈಕ್ ವಿಷಯ. ಗಾಯಕರ ಮೈಕ್ ತುಟಿಯಿಂದ ನಾಲ್ಕು ಬೆರಳು ದೂರ. ತಬಲಾಕ್ಕೆ ಎರಡು, ದಾಯಾಕ್ಕೊಂದು, ಎಡಗೈಯ ಡಗ್ಗಾಕ್ಕೊಂದು, ಅರ್ಧ ಅಡಿ ಎತ್ತರದಿಂದ ಓರೆಯಾಗಿ ನೋಡುವಂತೆ. ಹಾರ್ಮೋನಿಯಂಗೆ ಒಂದಡಿ ದೂರದಲ್ಲಿ ಮೇಲ್ಭಾಗದ ಕಂಡಿಗಳ ಕಡೆಗೆ. ತಿದಿಯ ಕಡೆ ಇಟ್ಟರೆ ಗಾಳಿಯ ಸದ್ದು, ಮರದ ಕಟಕಟ ಎರಡೂ ಬರುತ್ತವೆ. ಕೀಬೋರ್ಡಿನ ತಂತಿ ಡಿಐ ಪೆಟ್ಟಿಗೆಯ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಮೂಲಕ ನೇರ ಮಿಕ್ಸರಿಗೆ. ಎರಡು ಮೈಕ್‌ಗಳ ನಡುವಿನ ದೂರ, ಮೈಕ್‌ನಿಂದ ಅದರ ವಾದ್ಯಕ್ಕಿರುವ ದೂರದ ಮೂರು ಪಟ್ಟಾದರೂ ಇರಲಿ. ಇಲ್ಲದಿದ್ದರೆ ಒಂದೇ ಸದ್ದು ಎರಡೂ ಕಡೆ ಹೊಕ್ಕು ದನಿ ಡೊಳ್ಳಾಗುತ್ತದೆ.

ಕೂಗುವುದು ಯಾಕೆಂದರೆ, ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಅದೇ ಮೈಕಿಗೆ ಹೊಕ್ಕು ಸುತ್ತು ಹೊಡೆಯುತ್ತದೆ. ಜನರ ಕಡೆಯ ಸ್ಪೀಕರುಗಳು ಮೈಕ್‌ಗಳಿಗಿಂತ ಮುಂದಿರಬೇಕು. ಗಾಯಕರ ಎದುರು ನೆಲದ ಮೇಲಿಡುವ ಮಾನಿಟರ್ (ಅವರ ದನಿ ಅವರಿಗೇ ಕೇಳಿಸುವ ಸ್ಪೀಕರ್) ಮೈಕಿನ ಬೆನ್ನಿಗೆ ಬರಬೇಕು, ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕಿಗೆ, ಅತಿ ಕಡಿಮೆ ಕೇಳುವ ದಿಕ್ಕು ಅದೇ. ಮೈಕಿನ ಜಾಲರಿ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಕೆಟ್ಟು ತಕ್ಷಣ ಕೂಗುತ್ತದೆ, ಇದನ್ನು ಪ್ರತಿ ಗಾಯಕರಿಗೂ ಹೇಳಿ. ಜನ ಬರುವ ಮುಂಚೆ ಒಂದೊಂದೇ ಮೈಕನ್ನು ಮೆಲ್ಲಗೆ ಏರಿಸಿ, ಎಲ್ಲಿ ಕೂಗುತ್ತದೋ ಆ ಕಂಪನವನ್ನಷ್ಟೇ ಈಕ್ವಲೈಸರಿನಲ್ಲಿ ಕಿರಿದಾಗಿ ಇಳಿಸಿ. ಹಾಡಿನ ಮೈಕಿನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ. ಡಗ್ಗಾದ ಮೈಕಿನಲ್ಲಿ ಕತ್ತರಿಸಿದರೆ ಗುಮ್ಮನೆಯ ನಾದವೇ ಹೋಗುತ್ತದೆ, ಅಲ್ಲಿ ಮುಟ್ಟಬೇಡಿ.

‘ಝುಂಯ್’ ಎಂಬ ಎಡೆಬಿಡದ ಗುನುಗು ಬೇರೆ ಕಾಯಿಲೆ. ಬೆಳಕಿನ ಡಿಮ್ಮರುಗಳೂ ಮಿಕ್ಸರೂ ಒಂದೇ ಫೇಸಿನಲ್ಲಿದ್ದರೆ ಅಥವಾ ಅರ್ಥಿಂಗ್ ಎರಡು ಕಡೆಯಿಂದ ಬಂದರೆ ಇದು ಬರುತ್ತದೆ. ಧ್ವನಿಯ ಉಪಕರಣಗಳಿಗೆಲ್ಲ ಬೇರೆ ಫೇಸ್, ಒಂದೇ ಅರ್ಥಿಂಗ್ ಕೊಡಿಸಿ. ಪ್ಲಗ್ಗಿನ ಅರ್ಥ್ ಕಡ್ಡಿ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಅದು ಗಾಯಕರ ತುಟಿಗೆ ಶಾಕ್ ಹೊಡೆಸುವ ಕೆಲಸ, ಹಾಗೆ ಮಾಡಲು ಎಂದೂ ಅವಕಾಶ ಕೊಡಬೇಡಿ. ಕರೆಂಟ್ ಹೋಗಿ ಜನರೇಟರ್ ಹತ್ತುವುದರೊಳಗೆ ಡಿಜಿಟಲ್ ಮಿಕ್ಸರ್ ಬಂದ್ ಆದರೆ ಮತ್ತೆ ಏಳಲು ಹೊತ್ತು ತಗೊಳ್ಳುತ್ತದೆ. ಅದಕ್ಕೊಂದು ಸಣ್ಣ ಯುಪಿಎಸ್ ಇರಲಿ.

ಪ್ರಶ್ನೆ: ಅತಿಥಿಗಳನ್ನು ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಏನು ಸಿದ್ಧತೆ ಬೇಕು?
– ದೇಶಪಾಂಡೆ ನಗರ, ಹುಬ್ಬಳ್ಳಿ

ಉತ್ತರ: ಏಳು ನಿಮಿಷಕ್ಕೆ ನಾಲ್ಕು ಪ್ರಶ್ನೆ. ಮೂರನ್ನು ಅತಿಥಿಗೆ ಮೊದಲೇ ತಿಳಿಸಿ, ಒಂದನ್ನು ಇಟ್ಟುಕೊಳ್ಳಿ. ‘ನಿಮ್ಮ ಸಾಧನೆ ಬಗ್ಗೆ ಹೇಳಿ’ ಎಂದರೆ ಭಾಷಣ ಬರುತ್ತದೆ. ‘ಮೊದಲ ಸಲ ಮೈಕಿನ ಮುಂದೆ ಹಾಡಿದ್ದು ಯಾವ ಊರಲ್ಲಿ, ಸಾಥಿಗೆ ಯಾರಿದ್ದರು?’ ಎಂದರೆ ಸಂಗತಿ ಬರುತ್ತದೆ. ಕೊನೆಯ ಉತ್ತರ ಮುಂದಿನ ಹಾಡಿಗೆ ದಾರಿಯಾಗುವಂತೆ ನೋಡಿಕೊಳ್ಳಿ, ಆಗ ವಾದ್ಯವೃಂದ ಮಾತಿನ ಬಾಲದಲ್ಲೇ ಮೆಲ್ಲಗೆ ಎತ್ತಿಕೊಳ್ಳಬಹುದು.

ಕುರ್ಚಿಗಳು ಎದುರುಬದುರು ಬೇಡ, ಇಬ್ಬರ ಮುಖವೂ ಸಭೆಗೆ ಅರ್ಧ ಕಾಣುವಂತೆ ಓರೆಯಾಗಿರಲಿ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ. ಇಳಕಲ್ ಸೀರೆಯ ರೇಷ್ಮೆ ಸೆರಗು, ಜರಿಯ ಅಂಚು ಮೈಕಿಗೆ ಉಜ್ಜಿದರೆ ಸರಬರ ಸದ್ದು. ಮಂಗಳಸೂತ್ರ, ಬೋರಮಾಳ ಸರ ತಾಗಿದರೆ ಟಕಟಕ. ಸೆರಗು ಇಲ್ಲದ ಬದಿಯ ಕುಪ್ಪಸದ ಅಂಚಿಗೆ ಸಿಕ್ಕಿಸಿ, ತಂತಿಯನ್ನು ಒಂದು ಸುತ್ತು ಮಾಡಿ ಟೇಪಿನಿಂದ ಅಂಟಿಸಿ. ಹೊತ್ತು ತಿಳಿಸಲು ಎದುರಿಗೆ ಒಬ್ಬರು ಕೂರಲಿ, ಎರಡು ನಿಮಿಷ ಉಳಿದಾಗ ಹಳದಿ ಕಾರ್ಡು, ಅರ್ಧ ನಿಮಿಷಕ್ಕೆ ಕೆಂಪು.

ಪ್ರಶ್ನೆ: ನಮ್ಮ ಮನ್ಯಾಗ ಹಳೇ ಬ್ಲ್ಯಾಕ್ ಅಂಡ್ ವ್ಹೈಟ್ ಟಿ.ವಿ. ಐತ್ರಿ, ಇನ್ನೂ ಹತ್ತತೈತಿ. ವೇದಿಕಿ ಮ್ಯಾಲ ಇಟ್ಟು, ಕ್ಯಾಮೆರಾದ ಚಿತ್ರ ಅದರಾಗ ಬರೂಹಂಗ ಮಾಡಬೇಕಂತೀವಿ. ವಿಸಿಆರ್ ಹಚ್ಚಿ ನೋಡಿದ್ರ ಬರೇ ಚುಕ್ಕಿ ಬರತಾವ. ಯಾಕ್ರೀ?
– ಹಾವೇರಿ

ಉತ್ತರ: ಹಳೇ ಸೆಟ್ಟಿಗೆ ಆಂಟೆನಾ ತೂತು ಒಂದೇ ದಾರಿ, ಅದರಲ್ಲೂ ಹೆಚ್ಚಿನವು ವಿಎಚ್‌ಎಫ್ ಎಂಬ ಕೆಳಗಿನ ಕಂಪನದ ಚಾನೆಲ್ ಮಾತ್ರ ಹಿಡಿಯುತ್ತವೆ. ವಿಸಿಆರ್ ಹೊರಡಿಸುವುದು ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ಯುಎಚ್‌ಎಫ್‌ನಲ್ಲಿ. ಚುಕ್ಕಿ ಬರುವುದು ಅದಕ್ಕೇ. ವಿಎಚ್‌ಎಫ್‌ಗೆ ಹೊರಡಿಸುವ ಆರ್‌ಎಫ್ ಮಾಡ್ಯುಲೇಟರ್ (ಚಿತ್ರವನ್ನು ಆಂಟೆನಾ ಸಂಕೇತವಾಗಿಸುವ ಪೆಟ್ಟಿಗೆ) ತನ್ನಿ, ನಮ್ಮ ಹಳೇ ಟಿ.ವಿ.ಗಳ ಪಾಲ್-ಬಿ ಪದ್ಧತಿಯದೇ ಆಗಿರಲಿ. ಕ್ಯಾಮೆರಾದ ಎಚ್‌ಡಿಎಂಐ ತಂತಿ ಎಚ್‌ಡಿಎಂಐ-ಎವಿ ಪರಿವರ್ತಕಕ್ಕೆ, ಅಲ್ಲಿಂದ ಹಳದಿ ತಂತಿ ಮಾಡ್ಯುಲೇಟರಿಗೆ, ಅಲ್ಲಿಂದ ಆಂಟೆನಾ ತೂತಿಗೆ. ಪರಿವರ್ತಕದ ಬದಿಯ ಸಣ್ಣ ಗುಂಡಿ ಎನ್‌ಟಿಎಸ್‌ಸಿ (ಅಮೆರಿಕದ ಟಿ.ವಿ. ಪದ್ಧತಿ) ಕಡೆ ಇದ್ದರೆ ಚಿತ್ರ ಮೇಲೆ ಕೆಳಗೆ ಉರುಳಬಹುದು, ಪಾಲ್ ಕಡೆಗೆ ತಳ್ಳಿ. ಟಿ.ವಿ.ಯನ್ನು ಮತ್ತೆ ಕ್ಯಾಮೆರಾದಲ್ಲಿ ಹಿಡಿಯುವಾಗ ಕಪ್ಪು ಪಟ್ಟೆ ಓಡಿದರೆ ಶಟರ್ 1/50ಕ್ಕೆ ಇಡಿ.

ಹಿಂದಿನ ಮುಚ್ಚಳ ಮಾತ್ರ ನೀವಾಗಿ ಬಿಚ್ಚಬೇಡಿ. ಚಿತ್ರನಳಿಕೆಯಲ್ಲಿ ಸಾವಿರಾರು ವೋಲ್ಟ್, ಪ್ಲಗ್ ತೆಗೆದ ಮೇಲೂ ನಿಂತಿರುತ್ತದೆ.

ಪ್ರಶ್ನೆ: ಎಂಬತ್ತು-ತೊಂಬತ್ತರ ದಶಕದಲ್ಲಿ ಟಿ.ವಿ.ಯಿಂದ ತುಂಬಿಸಿಟ್ಟ ಸಂಗೀತ, ಸಂದರ್ಶನದ ವಿಎಚ್‌ಎಸ್ ಕ್ಯಾಸೆಟ್ ಹತ್ತಾರಿವೆ. ಕೆಲವಕ್ಕೆ ಬಿಳಿ ಬೂಸಲು ಹತ್ತಿದೆ. ಕಂಪ್ಯೂಟರಿಗೆ ಇಳಿಸಿ ಎಲ್ಲರಿಗೂ ನೋಡಲು ಹಾಕಬಹುದೇ?
– ರಾಣೆಬೆನ್ನೂರು

ಉತ್ತರ: ಮೊದಲು ಪ್ರತಿ ಕ್ಯಾಸೆಟ್ಟಿನ ಬೆನ್ನಂಚಿನ ಎಡಮೂಲೆಯ ಸಣ್ಣ ಪ್ಲಾಸ್ಟಿಕ್ ತುಣುಕು ಮುರಿಯಿರಿ. ಆಮೇಲೆ ಕೈ ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ.

ಬೂಸಲಿನ ಕ್ಯಾಸೆಟ್ಟನ್ನು ಒಳ್ಳೆಯ ವಿಸಿಆರ್‌ಗೆ ಹಾಕಲೇಬೇಡಿ. ಹೆಡ್ (ಟೇಪ್ ಓದುವ ಭಾಗ) ಹಾಳಾಗುತ್ತದೆ, ಪುಡಿ ಯಂತ್ರದೊಳಗೆ ಉದುರಿ ಮುಂದೆ ಹಾಕಿದ ಚೊಕ್ಕ ಕ್ಯಾಸೆಟ್ಟಿಗೂ ಹತ್ತುತ್ತದೆ. ಅವನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ವಾರ ಇಡಿ. ಬಿಸಿಲಿಗೆ ಇಟ್ಟರೆ ಪೆಟ್ಟಿಗೆಯೂ ಟೇಪೂ ಸೊಟ್ಟಗಾಗುತ್ತವೆ. ಬೂಸಲು ಒಣಗಿ ಪುಡಿಯಾದ ಮೇಲೆ, ಬಾಯಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಕೂತು, ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ. ಸುತ್ತಿದ ಟೇಪಿನ ಅಂಚನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಸುರುಳಿಗಳನ್ನು ಬೇರೆ ಚೊಕ್ಕ ಪೆಟ್ಟಿಗೆಗೆ ಕೂರಿಸಿ. ಬಿಚ್ಚುವ ಮುಂಚೆ ಟೇಪ್ ಸಾಗುವ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಟೇಪ್ ಹರಿದಿದ್ದರೆ ಸೆಲೋಟೇಪ್ ಬೇಡ, ಅದರ ಅಂಟು ಕರಗಿ ಹೆಡ್ಡಿಗೆ ಮೆತ್ತುತ್ತದೆ. ಸ್ಪ್ಲೈಸಿಂಗ್ ಟೇಪ್ ಅನ್ನು ಹಿಂಬದಿಗೆ, ಅಂದರೆ ಹೆಡ್ ಮುಟ್ಟದ ಬದಿಗೆ ಹಚ್ಚಿ.

ವಿಸಿಆರ್ ಹೆಡ್ ಒರೆಸಲು ಹತ್ತಿ ಸುತ್ತಿದ ಕಡ್ಡಿ ಬೇಡ, ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಚರ್ಮದ ತುಂಡನ್ನು ಹೆಡ್ ಕೂತ ಡ್ರಮ್ಮಿಗೆ ಹಗುರವಾಗಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ ತಿರುಗಿಸಿ. ಮೇಲೆ ಕೆಳಗೆ ಉಜ್ಜಬಾರದು. ಪೂರ್ತಿ ಆರಿದ ಮೇಲೆಯೇ ಕ್ಯಾಸೆಟ್ ಹಾಕಿ. ವರ್ಷಗಟ್ಟಲೆ ನಿಂತ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ನೋಡಿ. ಸುತ್ತಿನ ಬಿಗಿ ಸಮವಾಗುತ್ತದೆ.

ಇಳಿಸುವಾಗ 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ತೋರಿಸುವ ಹಳೇ ಟಿ.ವಿ. ಪದ್ಧತಿ) ಆಗಿಯೇ ಇರಲಿ, ಧ್ವನಿ 48 ಕಿಲೋಹರ್ಟ್ಜ್. ಹಫ್‌ವೈಯುವಿಯಂಥ ನಷ್ಟವಿಲ್ಲದ ಕೋಡೆಕ್ಕಿಗೆ (ಚಿತ್ರವನ್ನು ಕುಗ್ಗಿಸಿ ಕಡತವಾಗಿಸುವ ವಿಧಾನ) ತಾಸಿಗೆ ಸುಮಾರು 30 ಜಿಬಿ, ಇನ್ನಷ್ಟು ಕುಗ್ಗಿಸುವ ಡಿವಿ ಆದರೆ 13 ಜಿಬಿ. ಚಿತ್ರದ ಮೇಲ್ತುದಿ ಬಾವುಟದಂತೆ ಬಾಗಿದರೆ, ಫ್ರೇಮ್ ಬಿಟ್ಟುಹೋಗಿ ಹಾಡಿಗೂ ತುಟಿಗೂ ತಾಳ ತಪ್ಪಿದರೆ, ನಡುವೆ ಟೈಮ್ ಬೇಸ್ ಕರೆಕ್ಟರ್ (ಟೇಪಿನ ಚಿತ್ರದ ಅಲುಗಾಟ ಸರಿಪಡಿಸುವ ಉಪಕರಣ) ಬೇಕು. ಸಂಗೀತದ ಕ್ಯಾಸೆಟ್ಟಿಗೆ ಇದು ಅಗತ್ಯವೇ. ಧ್ವನಿ ಮಂಕಾಗಿದ್ದರೆ ವಿಸಿಆರ್‌ನ ಟ್ರ್ಯಾಕಿಂಗ್ ಮಾತ್ರ ನೋಡಿ ಬಿಡಬೇಡಿ. ಮಾಮೂಲಿ ಧ್ವನಿಯ ಪಟ್ಟಿ ಟೇಪಿನ ಮೇಲಂಚಿನಲ್ಲಿದೆ, ಅಂಚು ಸುಕ್ಕಾದಲ್ಲಿ ಚಿತ್ರ ಚೆನ್ನಾಗಿದ್ದರೂ ಹಾಡು ಮುಳುಗುತ್ತದೆ. ಅಂಥ ಕ್ಯಾಸೆಟ್ಟನ್ನು ಬೇರೆ ವಿಸಿಆರ್‌ನಲ್ಲಿ ಹಾಕಿ ನೋಡಿ. ಒಂದರಲ್ಲಿ ಕೇಳದ್ದು ಇನ್ನೊಂದರಲ್ಲಿ ಕೇಳುವುದುಂಟು.

ಎಲ್ಲರಿಗೂ ಹಾಕುವ ಮಾತು. ಮನೆಯಲ್ಲಿ ಉಳಿಸಿಕೊಳ್ಳುವುದು ಬೇರೆ, ಸಾರ್ವಜನಿಕವಾಗಿ ಹಂಚುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಸಾರಕರ ಹಕ್ಕು 25 ವರ್ಷ, ಕಲಾವಿದರ ಹಕ್ಕು 50 ವರ್ಷ, ಧ್ವನಿಮುದ್ರಣದ್ದು 60 ವರ್ಷ. ಪ್ರಸಾರಕರದು ಮುಗಿದರೂ ಉಳಿದವು ನಿಂತಿರುತ್ತವೆ, ಒಪ್ಪಿಗೆ ಇಲ್ಲದೆ ಹಾಕಬೇಡಿ. ವೇದಿಕೆ ಕಾರ್ಯಕ್ರಮ ಮಾಡುವವರಿಗೂ ಇದೇ ಜಾಗದಲ್ಲಿ ಹೇಳಿಬಿಡುತ್ತೇವೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದ ಸಭೆಯೆದುರು ಹಾಡಿಸುವುದಕ್ಕೆ ಅದೇ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಅದು ಸಿಗುವುದಿಲ್ಲ. ಸಿನಿಮಾ ಹಾಡುಗಳಿಗೆ ಹಕ್ಕುದಾರರ ಪರವಾಗಿ ಐಪಿಆರ್‌ಎಸ್ ಸಂಸ್ಥೆ ಪರವಾನಗಿ ಕೊಡುತ್ತದೆ, ಹಾಡುಗಳ ಪಟ್ಟಿ ಹಿಡಿದು ಕಾರ್ಯಕ್ರಮದ ಮುಂಚೆಯೇ ಅರ್ಜಿ ಹಾಕಿ.